ಗಿರಿಪಪ್ಪನನ್ನು ಒಪ್ಪಿಸಿದ್ದು

"ಪಾದ್ರಿ ಸಾಯೂಮುಂದ ನಿನ್ನ ಹೆಸರು ಬರದಿಟ್ಟಾರೋ ದ್ಯಾವಪ್ಪಾ! ಮಣ್ಣು ಕೊಡೂಮುಂದ ಪ್ರಾರ್ಥನಿ ನೀನ ಹೇಳ್ಬೇಕಂತ!"

ಕುಣಿಯೊಳಗೆ ನಿಂತಿದ್ದ ದ್ಯಾವಪ್ಪನ ಕೈಯಲ್ಲಿ ಸಲಿಕೆ ಹಾಗೇ ನಿಂತಿತು. ಮೇಲೆ ಹುಲಗಮ್ಮ ಕಾಗದ ಹಿಡಿದು ಏದುಸಿರು ಬಿಡುತ್ತಿದ್ದಳು. ಸತ್ತ ಪಾದ್ರಿಗೆ ಏಳು ವರ್ಷ ರೊಟ್ಟಿ ಬಡಿದು ಹಾಕಿದವಳು. ಆ ಏಳು ವರ್ಷದಲ್ಲಿ ಅವನ ಮಾತು ಕೇಳಿ ಕ್ರಿಸ್ತನ ಕಡೆ ಬಂದವಳೂ ಅವಳೊಬ್ಬಳೇ.

"ನಾ ಯಾಕಬೇ? ಹೊಳಿ ಆಚಿ ಪಾದ್ರಿ ಬರತಾನ ಅಂದಿದ್ರೆಲ್ಲ?"

"ಹೊಳಿ ತುಂಬೇತಿ, ಹರಗೋಲು ಬಿಟ್ಟಿಲ್ಲ. ಹೆಣ ಇನ್ನೆಷ್ಟ ದಿನ ಇರತೈತಿ?"

ಜೊತೆಗೆ ಅಗೆಯುತ್ತಿದ್ದ ಹುಚ್ಚೀರಪ್ಪ ಗುದ್ದಲಿ ಬಿಸಾಡಿದ. ಅವನು ದ್ಯಾವಪ್ಪನ ಹೆಂಡತಿಯ ಅಣ್ಣ. "ಕುಣಿ ತೋಡಿದ್ವಿ, ಅದು ಊರಿನ ಧರ್ಮ. ಪ್ರಾರ್ಥನಿ ಹೇಳಿದ್ಯೋ, ಕುಲಾ ಬಿಟ್ಟಂಗ. ದೈವದ ಹಿರೇರು, ಕುಲದ ಪಂಚರು, ಸುಮ್ನ ಬಿಡತಾರೇನು? ನಿನ್ನ ಮಗಳ ಮದಿವಿಗೆ ಒಂಬತ್ತ ದಿನ ಐತಿ. ಬೀಗರು ವೀಳ್ಯಾ ತಿರುಗಿ ಕಳಸ್ತಾರ, ನೋಡ್ಕೋ!"

ದ್ಯಾವಪ್ಪ ತಲೆಯೆತ್ತಿ ಕುಣಿಯ ಆಚೆ ನೋಡಿದ. ಬೀಗರ ಪೈಕಿಯವರೇ ಇಬ್ಬರು ಬೇವಿನ ಗಿಡದ ಕೆಳಗೆ ಕೂತಿದ್ದರು.

ಹುಲಗಮ್ಮ ಕುಣಿಯೊಳಗೆ ಇಣುಕಿದಳು. "ಅಯ್ಯ, ಇದೇನು ಇಷ್ಟ ಗಿಡ್ಡ?"

"ಗುರು ಅಲ್ಲೇನು? ಕುಂದರಿಸಿ ಮಣ್ಣು ಕೊಡಬೇಕು," ಅಂದ ಹುಚ್ಚೀರಪ್ಪ. ಆ ಊರಿಗೆ ಗೊತ್ತಿದ್ದ ಮರ್ಯಾದೆ ಅದೊಂದೇ.

"ಜೀವ ಇದ್ದಾಗನ ಆ ಮೊಣಕಾಲ ಮಡಚಲಿಲ್ಲ, ಈಗ ನೀವು ಮಡಚ್ತೀರೇನು? ಬಡಿಗೇರ ಉಮರಸಾಬ ಆರಡಿ ಪೆಟಗಿ ಮಾಡಿ ಬಂಡ್ಯಾಗ ತಂದಾನ!"

* * *

ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ವೇಲ್ಸ್ ಎಂಬ ಗುಡ್ಡದ ನಾಡಿನಿಂದ ಗ್ರಿಫಿತ್ ಎಂಬ ಹೆಸರು ಹೊತ್ತು ಬಂದವನು, ಯಲಬುರ್ಗಾ ಸೀಮೆಯ ಈ ಊರಲ್ಲಿ ಒಂದೇ ವಾರಕ್ಕೆ ಗಿರಿಪಪ್ಪನಾದ. ಮೊದಲ ವರ್ಷವೇ ಗುಡ್ಡದ ಕಲ್ಲಿನಿಂದ ಜಾರಿ ಬಲಮೊಣಕಾಲು ಸೆಟೆದುಕೊಂಡಿತು. ಭಾನುವಾರ ಅವನು ಬೋಧನೆ ಮಾಡಿದರೆ ಒಳಗೆ ಹುಲಗಮ್ಮ, ಹೊರಗೆ ಪಡಸಾಲೆಯಲ್ಲಿ ದ್ಯಾವಪ್ಪ. ದ್ಯಾವಪ್ಪ ಬರುತ್ತಿದ್ದದ್ದು ನೆರಳಿಗೆ. ಆದರೆ ಕುರಿ ಈಯಲಾರದೆ ಒದ್ದಾಡಿದರೆ ಊರೆಲ್ಲ ಗಿರಿಪಪ್ಪನ ಮನೆಗೇ ಓಡುತ್ತಿತ್ತು. ಅವನ ಅಪ್ಪನೂ ಕುರಿ ಕಾಯುವವನಂತೆ.

ಒಂದು ಸಂಜೆ ದ್ಯಾವಪ್ಪ ಇಪ್ಪತ್ತು ಕುರಿಗಳನ್ನು, ಗಂಗಾವತಿ ಕಡೆ ಮೇಯಿಸಲು ಹೊರಟಿದ್ದ ತಿಮ್ಮಣ್ಣನಿಗೆ ಒಪ್ಪಿಸುತ್ತಿದ್ದ. ಎಣಿಸಿ ಕೊಟ್ಟರೆ ಮುಗಿಯುವುದಿಲ್ಲ. ಒಂದೊಂದರ ಬೆನ್ನ ಮೇಲೆ ಕೈಯಿಟ್ಟು ಅದರ ಗುಣ ಹೇಳಬೇಕು.

"ಇದು ನೀರಿಗೆ ಹೆದರತೈತಿ. ಇದರ ಎಡಗಣ್ಣು ಕಾಣಂಗಿಲ್ಲ. ಇದು ಭಾಳ ಕಳ್ಳಿ, ಬೈ, ಹೊಡಿಬ್ಯಾಡ."

ಕಾಲು ನೀಡಿಕೊಂಡು ಬಂಡೆಯ ಮೇಲೆ ಕೂತಿದ್ದ ಗಿರಿಪಪ್ಪ ಇಪ್ಪತ್ತರದೂ ಕೇಳಿದ. "ನಂದೂ ಒಂದಿನ ಹಿಂಗ ಹೇಳ್ತೀಯೇನು?"

"ನೀವೇನ ಕುರಿ ಏನ್ರಿ?" ಎಂದು ದ್ಯಾವಪ್ಪ ನಕ್ಕ.

ಗಿರಿಪಪ್ಪ ನಗಲಿಲ್ಲ.

* * *

ಕುಣಿ ಉದ್ದ ಮಾಡಲು ಹೋದರೆ ಕಲ್ಲು ಬಂತು. ಹುಚ್ಚೀರಪ್ಪ ಮೇಲೆ ಹತ್ತಿ ನಿಂತುಬಿಟ್ಟ. ದ್ಯಾವಪ್ಪ ಒಬ್ಬನೇ ಹಾರೆ ಹಾಕಿ ಮೀಟಿದ. ಮೀಟುವಾಗೆಲ್ಲ ಯೋಚನೆ ಒಂದೇ: ಬಾಯಿ ತೆಗೆಯದೆ ಮಣ್ಣು ಹಾಕಿ ಹೋಗಿಬಿಟ್ಟರೆ ಯಾರು ಕೇಳುತ್ತಾರೆ?

ದ್ಯಾವಪ್ಪ ಕುಣಿಯೊಳಗೇ ನಿಂತು ಪೆಟ್ಟಿಗೆ ಇಳಿಸಿಕೊಂಡ. ಹುಲಗಮ್ಮ ದ್ಯಾವಪ್ಪನನ್ನೇ ನೋಡಿದಳು. ಬೇವಿನ ಕೆಳಗಿನವರೂ ನೋಡಿದರು. ಮಣ್ಣಿಗೆಂದು ಬಗ್ಗಿದವನ ಕೈ ಪೆಟ್ಟಿಗೆಯ ಮೇಲೆ ಹೋಗಿ ಕೂತಿತು.

"ಇವ ಗಿರಿಪಪ್ಪ. ಬಲಗಾಲು ಮಡಚಂಗಿಲ್ಲ, ಕುಂದ್ರು ಅನಬ್ಯಾಡ. ಖಾರ ತಡಿಯಂಗಿಲ್ಲ, ಆದ್ರ ನೀಡಿದ್ರ ಒಲ್ಲೆ ಅನ್ನಂಗಿಲ್ಲ, ಕಣ್ಣೀರ ಸುರಿಸ್ಕೋತ ತಿಂತಾನ. ಹಾಡತಾನ, ಭಾಳ ಜೋರ, ತಡಕೋ. ಈಯೂ ಕುರಿ ಕಂಡ್ರ ಪೂಜಿ ಅರ್ಧಕ್ಕ ಬಿಟ್ಟ ಓಡತಾನ, ಸಿಟ್ಟಿಗೇಳಬ್ಯಾಡ. ಮಳಿ ಬಂದ್ರ ತನ್ನೂರು ನೆನಸ್ತಾನ. ಆವಾಗ ಒಬ್ಬನ್ನ ಬಿಡಬ್ಯಾಡ."

ಯಾರಿಗೆ ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ.

"ಆಮೆನ್!" ಎಂದು ಹುಲಗಮ್ಮ ಗಟ್ಟಿಯಾಗಿ ಅಳುತ್ತ ಕೂಗಿದಳು.

ದ್ಯಾವಪ್ಪ ಬೆಚ್ಚಿಬಿದ್ದ. ಬೇವಿನ ಕೆಳಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೊರಟರು.

ಹಳ್ಳದಲ್ಲಿ ಮೈ ತೊಳೆಯಲು ಇಳಿದಾಗ ಹುಚ್ಚೀರಪ್ಪ ನಾಲ್ಕು ಮಾರು ಮೇಲಕ್ಕೆ ಹೋಗಿ ನಿಂತ, ದ್ಯಾವಪ್ಪ ಮುಟ್ಟಿದ ನೀರು ತನ್ನತ್ತ ಹರಿಯದ ಹಾಗೆ.

"ನೀ ಹೇಳಿದ್ದು ಪ್ರಾರ್ಥನಿ ಏನೋ?"

"ಕುರಿ ಒಪ್ಪಸೂ ಮಾತು."

"ಮತ್ತ ಆಕಿ ಆಮೆನ್ ಅಂದಳಲ್ಲ?"

ದ್ಯಾವಪ್ಪ ತಲೆಯ ಮೇಲೆ ನೀರು ಸುರಿದುಕೊಂಡ. ಅಷ್ಟರಲ್ಲಿ ಹಿರಿಯರು ಕಳಿಸಿದ ಹುಲಿಗೆಪ್ಪ ದಂಡೆಗೆ ಬಂದು, ದೂರದಿಂದಲೇ ಕೂಗಿದ. "ನಾಳಿ ಹೊತ್ತು ಮಾರುದ್ದ ಏರೂದ್ರಾಗ ಬೀರಪ್ಪನ ಗುಡಿಗೆ ಬಾ. ದೈವ ಕೂಡತೈತಿ, ಹಿರೇರೆಲ್ಲ ಬರತಾರ."

"ಬರತೀನಿ."

"ಕುಂದ್ರಾಕ ಕಂಬಳಿ ತರಬ್ಯಾಡ ಅಂದಾರ, ಕಂಬಳಿ ಹಾಸೂದು ಕುಲದವರಿಗಷ್ಟ ಅಂತ. ನೀ ನಿಂತಕೊಂಡ ಮಾತಾಡೂದಂತ."

ದ್ಯಾವಪ್ಪ ತಲೆಯಾಡಿಸಿದ. ದಂಡೆಯಲ್ಲಿದ್ದ ತನ್ನ ಕಂಬಳಿಯನ್ನು ಎತ್ತಿಕೊಂಡು, ಹೆಗಲಿಗೆ ಹಾಕುವುದೋ ಕೈಯಲ್ಲಿ ಹಿಡಿಯುವುದೋ ತಿಳಿಯದೆ, ಒದ್ದೆ ಮೈಯಲ್ಲಿ ಹಾಗೇ ನಿಂತ.