ಐವತ್ತೊಂದನೆಯ ನಂಬರಿನವನು

ಕೊರಿನ್ ಥಿಬೋ ಗ್ರೇವಿ ಸುರಿದ ಫ್ರೈಸ್ ಎಷ್ಟು ತಿಂದರೂ ದಪ್ಪಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವಳ ಮೇಲೆ ನನಗಿರುವ ಹೊಟ್ಟೆಕಿಚ್ಚಿಗೆ ಇರುವ ಕಾರಣಗಳಲ್ಲಿ ಇದೇ ತೀರ ಚಿಕ್ಕದು.

ನಾವಿಬ್ಬರೂ ಮೇಲಿನ ಲೀಗಿನ ಒಂದೇ ಕ್ಲಬ್ಬಿನ ಸ್ಕೌಟ್‌ಗಳು. ಚಳಿಗಾಲವಿಡೀ ಕೆಳಗಿನ ಲೀಗಿನ ಊರೂರು ಸುತ್ತಿ, ಪಕ್ ಎಂಬ ರಬ್ಬರ್ ಬಿಲ್ಲೆಯ ಹಿಂದೆ ಓಡುವ ಐಸ್ ಹಾಕಿ ಹುಡುಗರನ್ನು ನೋಡಿ, ಇವನು ಮೇಲೆ ಹೋಗುತ್ತಾನೆ, ಇವನು ಇಲ್ಲೇ ಕೊಳೆಯುತ್ತಾನೆ ಎಂದು ಹೇಳುವುದು ನಮ್ಮ ಕೆಲಸ. ನನಗೆ ಅರವತ್ತೊಂದು ವರ್ಷ, ಅವಳಿಗೆ ಮೂವತ್ತನಾಲ್ಕು. ಆಡುವುದು ಬಿಟ್ಟ ಮೇಲೆ ನಾನು ಇದರಲ್ಲಿ ಇಪ್ಪತ್ತೆಂಟು ಚಳಿಗಾಲ ಸವೆಸಿದವನು, ಅವಳು ನಾಲ್ಕು. ಆ ನಾಲ್ಕರಲ್ಲೇ ಅವಳು ಆರಿಸಿದ ಮೂವರು ಹುಡುಗರು ಮೇಲೆ ಹೋದರು. ಅವರಲ್ಲೊಬ್ಬ ಗೋಲ್‌ಕೀಪರನನ್ನು ‘ಇವನ ಮೊಣಕಾಲೇ ಬಗ್ಗುವುದಿಲ್ಲ’ ಎಂದು ಬರೆದು ನಾನು ತಳ್ಳಿಹಾಕಿದ್ದೆ. ನಾನು ಆರಿಸಿದವರಲ್ಲಿ ಕೊನೆಯವನು ಮೇಲೆ ಹೋಗಿ ಒಂಬತ್ತು ವರ್ಷವಾಯಿತು. ಅವನು ಈಗ ಟೈರ್ ಅಂಗಡಿ ಇಟ್ಟಿದ್ದಾನೆ.

ಬಂದ ಹೊಸದರಲ್ಲೇ ಅವಳು ನನಗೆ ಪಾಠ ಹೇಳಿದ್ದಳು.

“ವಾಲ್ಟರ್, ನೀವು ಹುಡುಗರ ಕೈಗೆ ಪಕ್ ಸಿಕ್ಕಾಗ ನೋಡ್ತೀರಾ. ಆಗ ಎಲ್ಲರೂ ಚೆನ್ನಾಗೇ ಕಾಣ್ತಾರೆ. ಪಕ್ ಕಳ್ಕೊಂಡ್ಮೇಲೆ ಏನ್ ಮಾಡ್ತಾರೆ, ಅದನ್ನ ನೋಡಿ.”

“ಅಮ್ಮಾ ತಾಯಿ,” ಎಂದೆ, “ಪಕ್ ಕಳ್ಕೊಳೋದ್ರಲ್ಲೇ ದೊಡ್ಡಸ್ತಿಕೆ ಇದ್ದಿದ್ರೆ ನಾನು ಮೇಲಿನ ಲೀಗಲ್ಲೇ ರಿಟೈರ್ ಆಗ್ತಿದ್ದೆ.”

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುವಾರದಿಂದ ನಾನೂ ಕದ್ದು ಕದ್ದು ಅದನ್ನೇ ನೋಡತೊಡಗಿದೆ. ಅವಳು ಹೇಳಿದ್ದು ನಿಜವಾಗಿತ್ತು. ಅದಕ್ಕೂ ಸಿಟ್ಟು ಬಂತು.

ಮಾರ್ಚ್ ಮೊದಲ ವಾರ ನಮ್ಮ ಮೇಲಿನವನಾದ ಬ್ಯಾಸಿಲ್ ಮೆಕ್‌ಲೀಶ್ ಫೋನ್ ಮಾಡಿದ. “ವಾಲಿ, ಮುಂದಿನ ಸೀಸನ್‌ಗೆ ಉತ್ತರದ ಊರುಗಳಿಗೆ ಒಬ್ಬರು ಸಾಕು ಅಂತಿದಾರೆ ಕಣಯ್ಯ. ಭಾನುವಾರ ಇಬ್ಬರೂ ಕಾರ್ಬೆಟ್ ಮಿಲ್ಸ್ ಊರಿನ ಆಟಕ್ಕೆ ಹೋಗಿ ಬನ್ನಿ. ನಮ್ಮಲ್ಲಿ ಒಬ್ಬ ಹುಡುಗನಿಗೆ ಜಾಗ ಇದೆ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿ.”

ಯಾರ ಹುಡುಗನನ್ನು ಅವನು ಒಪ್ಪುತ್ತಾನೋ ಅವರ ಕೆಲಸ ಉಳಿಯುತ್ತದೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಈ ಕೆಲಸ ಹೋದರೆ ನನಗೆ ಗೊತ್ತಿರುವುದು ಹಿಮದಲ್ಲಿ ಕಾರು ಓಡಿಸುವುದು, ಚಳಿಯಲ್ಲಿ ಕೂರುವುದು, ಇವೆರಡೇ. ಇವಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ಭಾನುವಾರ ಬೆಳಿಗ್ಗೆ ಅವಳ ಕಾರಿನಲ್ಲೇ ಹೊರಟೆವು. ಊರು ದಾಟುವ ಮೊದಲೇ ಅವಳು, “ನಾನು ಎಮೆಟ್ ಡೋರ್ ಹೆಸರು ಹೇಳೋಳು, ಹತ್ತೊಂಬತ್ತನೇ ನಂಬರಿನವನು. ನೀವು?” ಎಂದಳು.

ನೋಡಿ, ಹೀಗೆ. ಬಚ್ಚಿಡುವುದಿಲ್ಲ, ಮುಚ್ಚುಮರೆ ಇಲ್ಲ. ಗೆಲ್ಲುತ್ತೇನೆಂದು ಗೊತ್ತಿರುವವರು ಮಾತ್ರ ಹೀಗೆ ಕೈಯಲ್ಲಿದ್ದ ಎಲೆ ತೋರಿಸಿ ಇಸ್ಪೀಟು ಆಡುತ್ತಾರೆ.

“ಆಟ ನೋಡದೆ ನಾನು ಹೆಸರು ಹೇಳೋನಲ್ಲ,” ಎಂದೆ. ಆದರೆ ಡೋರ್ ಎಂಬ ಹೆಸರು ಅವಳ ಬಾಯಿಂದ ಬಿದ್ದ ಗಳಿಗೆಯಲ್ಲೇ, ಅವನೊಬ್ಬನನ್ನು ಬಿಟ್ಟು ಬೇರೆ ಯಾರಾದರೂ ಆದೀತು ಎಂದು ನಾನು ತೀರ್ಮಾನಿಸಿಯಾಗಿತ್ತು. ಅದೇ ತಂಡದಲ್ಲಿ ಟ್ರಾಸ್ಕ್ ಎಂಬ ಆಜಾನುಬಾಹು ಇದ್ದ, ಇಪ್ಪತ್ತೇಳನೆಯ ನಂಬರು. ಅವನೇ ನನ್ನ ಹುಡುಗ ಎಂದುಕೊಂಡೆ.

ಎರಡು ಗಂಟೆಗೆ ಆಟ. ಸ್ಕೌಟ್‌ಗಳು ಕೂರುವುದು ಮಾಡಿನ ಕೆಳಗಿನ ಅಟ್ಟದಂಥ ಸಾಲಿನಲ್ಲಿ, ರೇಡಿಯೋದವರ ಪಕ್ಕ. ಅಲ್ಲಿ ಎರಡು ಕಟ್ಟುಪಾಡುಗಳಿವೆ, ಯಾರೂ ಬರೆದಿಟ್ಟದ್ದಲ್ಲ. ಒಂದು, ಚಪ್ಪಾಳೆ ತಟ್ಟಬಾರದು. ಇನ್ನೊಂದು, ಯಾವ ಹುಡುಗನ ಹೆಸರನ್ನೂ ಪಕ್ಕದವರಲ್ಲಿ ವಿಚಾರಿಸಬಾರದು. ‘ಅವನ್ಯಾರು?’ ಎಂದು ಕೇಳಿದಿರೋ, ನಿಮ್ಮ ಕಣ್ಣು ಎಲ್ಲಿದೆ ಎಂದು ಅಲ್ಲಿರುವ ಹತ್ತು ಕ್ಲಬ್ಬಿನವರಿಗೂ ಗೊತ್ತಾಯಿತು ಎಂದೇ ಲೆಕ್ಕ. ಅದಕ್ಕೆ ಬಾಗಿಲಲ್ಲಿ ಕೊಡುವ ಆಟಗಾರರ ಪಟ್ಟಿಯೇ ನಮಗೆ ಗತಿ. ಇಪ್ಪತ್ತೆಂಟು ವರ್ಷದಲ್ಲಿ ನಾನು ಒಬ್ಬನ ಹೆಸರನ್ನೂ ಕೇಳಿದವನಲ್ಲ.

ಆಟ ಮೂರು ಅವಧಿಯದು. ಮೊದಲ ಅವಧಿಯಲ್ಲಿ ಟ್ರಾಸ್ಕ್ ನನ್ನ ಮಾನ ಕಳೆದ. ಐಸ್ ಮೇಲೆ ಎಮ್ಮೆ ಬಿಟ್ಟಂತಿತ್ತು. ಡೋರ್ ಚೆನ್ನಾಗಿ ಆಡುತ್ತಿದ್ದ, ಸುಳ್ಳೇಕೆ ಹೇಳಲಿ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನು ಪಾಸ್ ಕೊಟ್ಟರೆ ‘ಹೆದರಿ ಕೊಟ್ಟ’ ಎಂದು ಬರೆದುಕೊಂಡೆ, ಕೊಡದಿದ್ದರೆ ‘ಸ್ವಾರ್ಥಿ’ ಎಂದೆ. ಅವಧಿ ಮುಗಿಯಲು ಒಂದು ನಿಮಿಷವಿರುವಾಗ ಯಾರದೋ ಸ್ಟಿಕ್ ಅವನ ಬಾಯಿಗೆ ಬಡಿಯಿತು. ಐಸ್ ಮೇಲೆ ರಕ್ತ, ಅಂಗಿಯ ತುಂಬ ರಕ್ತ. ಟವೆಲ್ ಒತ್ತಿಕೊಂಡು ಒಳಗೆ ಹೋದ. ಕೊರಿನ್ ಎದ್ದುನಿಂತು “ಅಯ್ಯೋ ಪಾಪ” ಎಂದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ವಿರಾಮದಲ್ಲಿ ಕೆಳಗಿಳಿದು ಫ್ರೈಸಿನ ಸಾಲಿನಲ್ಲಿ ನಿಂತೆ. ಅಲ್ಲಿಂದಲೇ ಬ್ಯಾಸಿಲ್‌ನಿಗೆ ಫೋನಿನಲ್ಲಿ ಬರೆದು ಕಳಿಸಿದೆ: ‘ಹತ್ತೊಂಬತ್ತು, ಡೋರ್. ಕಾಲು ಭಾರ. ಎದೆಗಾರಿಕೆ ಇಲ್ಲ. ಒಂದು ಏಟು ಬಿದ್ದದ್ದೇ ಒಳಗೆ ಓಡಿದ. ಇವನು ಮೇಲಿನ ಲೀಗನ್ನು ಟಿವಿಯಲ್ಲಿ ಮಾತ್ರ ನೋಡುತ್ತಾನೆ.’ ಕೊನೆಯ ವಾಕ್ಯವನ್ನು ಎರಡು ಸಲ ಓದಿಕೊಂಡು ಖುಷಿಪಟ್ಟೆ.

ಸಾಲು ಉದ್ದವಿತ್ತು. ನನ್ನ ಸರದಿ ಬರುವ ಹೊತ್ತಿಗೆ ಎರಡನೆಯ ಅವಧಿ ಶುರುವಾಗಿತ್ತು.

“ಗ್ರೇವಿ ಆಗೋಯ್ತು,” ಎಂದಳು ಅಂಗಡಿಯ ಹೆಂಗಸು.

“ಆಗೋಯ್ತಾ? ನನ್ನ ಮುಂದಿನೋನಿಗೆ ಬಕೆಟ್‌ಗಟ್ಲೆ ಸುರಿದ್ಯಲ್ಲಮ್ಮ!”

“ಅವನು ನಗ್‌ನಗ್ತಾ ಕೇಳ್ದ. ನೀವು ನಮ್ಮತ್ತೆ ಥರ ಮುಖ ಮಾಡ್ಕೊಂಡಿದೀರ.”

ಇಷ್ಟಕ್ಕೆ ಸುಮ್ಮನಿರಲು ನಾನೇನು ಸನ್ಯಾಸಿಯೇ? ಜಗಳಕ್ಕೆ ನಿಂತೆ. ಧ್ವನಿವರ್ಧಕ ಏನೋ ಗೊರಗೊರ ಅಂದಿತು, ಕಿವಿಗೆ ಹಾಕಿಕೊಳ್ಳಲಿಲ್ಲ.

ಅಟ್ಟ ಹತ್ತಿ ಬಂದಾಗ ಐದಾರು ನಿಮಿಷ ಕಳೆದಿತ್ತು. ಹತ್ತೊಂಬತ್ತು ಕಾಣಲಿಲ್ಲ. ಅವನ ಕತೆ ಮುಗಿಯಿತು ಎಂದು ಕೂತೆ. ಆಗ ಕಂಡವನು ಐವತ್ತೊಂದು. ಬೆನ್ನ ಮೇಲೆ ನಂಬರು ಮಾತ್ರ, ಹೆಸರಿಲ್ಲ. ಮುಖಕ್ಕೆ ಪೂರ್ತಿ ಮುಚ್ಚುವ ತಂತಿಯ ಜಾಲರಿ. ಪಟ್ಟಿ ತೆಗೆದು ನೋಡಿದೆ, ಐವತ್ತೊಂದು ಇರಲೇ ಇಲ್ಲ. ಕೆಳಗಿನ ಲೀಗಿನಲ್ಲಿ ಇದೇನೂ ಹೊಸದಲ್ಲ. ಪಟ್ಟಿ ಅಚ್ಚಾದ ಮೇಲೆ ಯಾರನ್ನೋ ಸೇರಿಸುತ್ತಾರೆ, ಹೆಸರು ಹೊಲಿಯಲು ಪುರುಸೊತ್ತಿರುವುದಿಲ್ಲ. ಮೊದಲ ಅವಧಿಯಲ್ಲಿ ಬೆಂಚಿನ ಮೂಲೆಯಲ್ಲಿ ಕೂತಿದ್ದಿರಬೇಕು, ಈಗ ಡೋರ್‌ನ ಜಾಗಕ್ಕೆ ಇಳಿಸಿದ್ದಾರೆ ಎಂದುಕೊಂಡೆ.

ಏನು ಹೇಳಲಿ ಅವನ ಆಟವನ್ನು! ಎದುರಾಳಿ ಎತ್ತ ತಿರುಗುತ್ತಾನೆಂದು ಎದುರಾಳಿಗಿಂತ ಮೊದಲೇ ಅವನಿಗೆ ತಿಳಿಯುತ್ತಿತ್ತು. ಮೂಲೆಯಲ್ಲಿ ಇಬ್ಬರು ಅವನನ್ನು ಗೋಡೆಗೆ ಒತ್ತಿದರೆ ಪಕ್ ಹೊರಗೆ ಬರುತ್ತಿದ್ದದ್ದು ಅವನ ಸ್ಟಿಕ್‌ನಲ್ಲೇ. ನಾನು ಬರೆಯುವುದನ್ನು ನಿಲ್ಲಿಸಿದೆ. ಸುಮಾರು ವರ್ಷಗಳ ಮೇಲೆ ಅಂಥದ್ದೊಂದು ಗಳಿಗೆ ಬಂದಿತ್ತು, ಮೈ ಜುಮ್ಮೆಂದಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ಇವನು ಕೊರಿನ್‌ಳ ಹುಡುಗನಲ್ಲ. ಇವನನ್ನು ಅವಳು ನೋಡಿಲ್ಲ. ಹಿಗ್ಗಿ ಹೀರೇಕಾಯಿಯಾದೆ.

“ಯಾರನ್ನ ನೋಡ್ತಿದೀರಾ ವಾಲ್ಟರ್, ಅಷ್ಟೊಂದು?” ಎಂದಳು ಅವಳು.

“ಯಾರನ್ನೂ ಇಲ್ಲ. ಸೊಂಟ ನೋವು.”

ಎರಡನೆಯ ವಿರಾಮದಲ್ಲಿ ಅವನ ಹೆಸರು ಕೇಳಲು ನಾಲಿಗೆ ತುರಿಸಿತು. ಪಕ್ಕದಲ್ಲೇ ರೇಡಿಯೋದವನಿದ್ದ, ಒಂದು ಮಾತಿಗೆ ಹೇಳಿಬಿಡುತ್ತಿದ್ದ. ಆದರೆ ಕೊರಿನ್ ಕೇಳಿಸಿಕೊಳ್ಳುತ್ತಾಳಲ್ಲ! ತುಟಿ ಪಿಟಕ್ಕೆನ್ನದೆ ಕೂತೆ.

ಮೂರನೆಯ ಅವಧಿಯ ಮಧ್ಯದಲ್ಲಿ ಐವತ್ತೊಂದರ ಸ್ಟಿಕ್‌ನಿಂದ ಪಕ್ ಜಾರಿತು. ಎದುರಾಳಿ ಒಬ್ಬನೇ ಅದನ್ನು ತೆಗೆದುಕೊಂಡು ಗೋಲಿನ ಕಡೆ ಹಾರಿದ. ಬೇರೆ ಹುಡುಗನಾಗಿದ್ದರೆ ಸ್ಟಿಕ್ ಕುಟ್ಟಿ, ಮಾಡು ನೋಡಿ, ಬೆಂಚಿಗೆ ಬರುತ್ತಿದ್ದ. ಇವನು ತಿರುಗಿ ಇಡೀ ಐಸ್ ಉದ್ದಕ್ಕೂ ಅಟ್ಟಿಸಿಕೊಂಡು ಹೋಗಿ, ಮೈಚೆಲ್ಲಿ ಜಾರಿ, ಎದುರಾಳಿಯ ಕಾಲು ಮುಟ್ಟದೆ ಪಕ್ ಮಾತ್ರ ಕಿತ್ತ. ಎದ್ದು, ಮತ್ತೆ ಅಷ್ಟು ದೂರ ಬಂದು, ಟ್ರಾಸ್ಕ್‌ನಂಥ ಟ್ರಾಸ್ಕ್ ಕೂಡ ಗುರಿ ತಪ್ಪಲಾಗದ ಹಾಗೆ ಪಾಸ್ ಕೊಟ್ಟ. ಗೋಲ್.

ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಇಡೀ ಸಾಲು ನನ್ನ ಕಡೆ ತಿರುಗಿತು. “ಏನ್ ವಾಲ್ಟರ್, ಮೊಮ್ಮಗನಾ?” ಎಂದ ರೇಡಿಯೋದವನು. ಎಲ್ಲರೂ ನಕ್ಕರು. ಕೊರಿನ್ ನನ್ನ ಕಡೆ ಬಾಗಿ ಮೆಲ್ಲಗೆ, “ಚೆನ್ನಾಗಿದಾನೆ, ಅಲ್ವಾ?” ಎಂದಳು.

ಇವನನ್ನೂ ನೋಡಿಬಿಟ್ಟಳೇ? ಇವನನ್ನೂ ನನ್ನ ಕೈಯಿಂದ ಕಿತ್ತುಕೊಳ್ಳುತ್ತಾಳೆ! ಆಟ ಮುಗಿಯುವವರೆಗೂ ಕಾಯಲಿಲ್ಲ. ಬಾತ್ರೂಮಿಗೆ ಎಂದು ಹೇಳಿ ಮೆಟ್ಟಿಲ ಬಳಿ ಓಡಿ ಬ್ಯಾಸಿಲ್‌ನಿಗೆ ಫೋನ್ ಹಚ್ಚಿದೆ.

“ಐವತ್ತೊಂದು,” ಎಂದೆ ಏದುಸಿರು ಬಿಡುತ್ತಾ. “ನನ್ನ ಹೆಸರು ಅದೇ.”

“ಅದು ಹೆಸರಲ್ಲ ಕಣಯ್ಯ, ನಂಬರು.”

“ಪಟ್ಟೀಲಿಲ್ಲ ಅವನು. ಕೊನೇ ಗಳಿಗೇಲಿ ಸೇರ್ಸಿದಾರೆ. ಎದೆಗಾರಿಕೆ ಅಂದ್ರೆ ಅವನದು! ಐದು ವರ್ಷದಲ್ಲಿ ಇಂಥೋನನ್ನ ನಾನು ನೋಡಿಲ್ಲ ಬ್ಯಾಸಿಲ್. ನನ್ನ ಕೆಲಸಾನೇ ಪಣಕ್ಕಿಡ್ತೀನಿ. ಕೊರಿನ್‌ಗೆ ಮಾತ್ರ ಈಗ್ಲೇ ಹೇಳ್ಬೇಡ.”

“ಆಟ ಮುಗಿದ್ಮೇಲೆ ಇಬ್ಬರೂ ಕೂತು ಫೋನ್ ಮಾಡಿ,” ಎಂದು ಅವನು ಫೋನ್ ಇಟ್ಟುಬಿಟ್ಟ.

ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತೆವು. ಕೊರಿನ್ ಫೋನನ್ನು ಇಬ್ಬರಿಗೂ ಕೇಳುವ ಹಾಗೆ ನಮ್ಮ ನಡುವೆ ಇಟ್ಟಳು.

“ಕೊರಿನ್, ನಿನ್ನ ಹೆಸರು?” ಎಂದ ಬ್ಯಾಸಿಲ್.

“ಎಮೆಟ್ ಡೋರ್.”

“ವಾಲಿ?”

“ಐವತ್ತೊಂದು,” ಎಂದೆ, ಅವಳ ಮುಖ ನೋಡುತ್ತಾ. ಅದು ಪೆಚ್ಚಾಗುವುದನ್ನು ಕಣ್ತುಂಬ ನೋಡಬೇಕಿತ್ತು.

ಅವಳ ಮುಖ ಪೆಚ್ಚಾಗಲಿಲ್ಲ. ಗೊಂದಲವಾಯಿತು, ಆಮೇಲೆ ಏನೋ ಹೊಳೆದಂತಾಯಿತು. “ಹಾಗಾದ್ರೆ ಇಬ್ಬರದೂ ಒಂದೇ ಆಯ್ತಲ್ಲ!” ಎಂದಳು. “ಬ್ಯಾಸಿಲ್, ಡೋರ್‌ಗೆ ತುಟಿ ಹರಿದು ಅಂಗಿಯೆಲ್ಲಾ ರಕ್ತ ಆಗಿತ್ತು. ಹೊಲಿಗೆ ಹಾಕಿಸ್ಕೊಂಡು, ಜಾಲರಿ ಹಾಕ್ಕೊಂಡು, ಬೇರೆ ಅಂಗೀಲಿ ವಾಪಸ್ ಬಂದ. ಅದರ ನಂಬರು ಐವತ್ತೊಂದು. ಮೈಕ್‌ನಲ್ಲೂ ಹೇಳಿದ್ರು. ವಾಲ್ಟರ್ ಆ ನಂಬರು ಹೇಳ್ತಿದಾರೆ, ಅಷ್ಟೆ.”

ರಕ್ತವಾದ ಅಂಗಿಯಲ್ಲಿ ಆಡಲು ನಿಯಮ ಬಿಡುವುದಿಲ್ಲ. ಪ್ರತಿ ತಂಡದ ಪೆಟ್ಟಿಗೆಯಲ್ಲೂ ಅದಕ್ಕೆಂದೇ ಹೆಸರಿಲ್ಲದ ಅಂಗಿಯೊಂದು ಇರುತ್ತದೆ. ನನ್ನ ಕಾಲದಲ್ಲಿ ನಾನೇ ಎರಡು ಸಲ ತೊಟ್ಟಿದ್ದೇನೆ. ಹಾಲುಗಲ್ಲದ ಮಗುವಿಗೂ ತಿಳಿಯುವ ಸಂಗತಿ ನನಗೆ ಹೊಳೆದಿರಲಿಲ್ಲ, ಏಕೆಂದರೆ ಅವನು ಡೋರ್ ಅಲ್ಲದಿರಲಿ ಎಂದು ನಾನು ಅಷ್ಟು ಬಯಸಿದ್ದೆ.

“ಅಷ್ಟೇನಾ ವಾಲಿ?” ಎಂದ ಬ್ಯಾಸಿಲ್. ವಿರಾಮದಲ್ಲಿ ನಾನು ಕಳಿಸಿದ್ದನ್ನು ತೆರೆದಿರಬೇಕು. ಆಮೇಲೆ ನಿಧಾನವಾಗಿ ಓದಿದ: “‘ಹತ್ತೊಂಬತ್ತು, ಡೋರ್. ಕಾಲು ಭಾರ. ಎದೆಗಾರಿಕೆ ಇಲ್ಲ. ಒಂದು ಏಟು ಬಿದ್ದದ್ದೇ ಒಳಗೆ ಓಡಿದ...’”

ಟಿವಿಯ ವಾಕ್ಯವನ್ನೂ ಬಿಡದೆ ಓದಿದ. ಕೊರಿನ್‌ಗೆ ಆ ವರದಿ ಗೊತ್ತಿರಲಿಲ್ಲ. ಅವಳು ಕಿಟಕಿಯ ಹೊರಗೆ ನೋಡತೊಡಗಿದಳು. ನನಗೆ ಸೀಟಿನೊಳಗೆ ಇಳಿದುಹೋಗುವಂತಾಯಿತು.

“ಒಂದೇ ಮಧ್ಯಾಹ್ನ, ಒಬ್ಬನೇ ಹುಡುಗ,” ಎಂದ ಬ್ಯಾಸಿಲ್. “ನಿನ್ನ ಕಣ್ಣು ಹೋಗಿದೆ ಅಂದ್ಕೊಂಡಿದ್ದೆ ವಾಲಿ. ಕಣ್ಣು ಸರಿಯಾಗೇ ಇದೆ. ಅದೇ ನನಗೆ ಬೇಜಾರು. ನಾಲ್ಕು ವರ್ಷದಿಂದ ಇವಳ ಹುಡುಗರ ಬಗ್ಗೆ ನೀನು ಬರ್ದಿದ್ದೆಲ್ಲಾ ಈಗ ನಾನು ಮತ್ತೆ ಓದ್ಬೇಕಾ?”

ಓದಬೇಕಾಗಿತ್ತು, ಎಲ್ಲವನ್ನೂ.

“ಡೋರ್‌ನನ್ನ ಸೈನ್ ಮಾಡ್ತೀವಿ. ಕೊರಿನ್, ಉತ್ತರದ ಊರುಗಳು ಇನ್ಮೇಲೆ ನಿನ್ನವು. ಮೇಲಿನವರ ಹತ್ರ ಕಾಲಿಗೆ ಬಿದ್ದಾದ್ರೂ ನಿನಗೊಬ್ಬ ಜೊತೆಗಾರನ್ನ ಕೊಡಿಸ್ತೀನಿ. ಇವನು ಬೇಕಾ? ಬೇಡ ಅಂದ್ರೆ ಇವತ್ತೇ ಮುಗೀತು. ಅವನೂ ಕೇಳಿಸ್ಕೊಳ್ಲಿ, ಹೇಳು.”

ಅವಳು ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ಸಿಟ್ಟಿನದೇ ಇರಬೇಕು.

“ಬೇಕು,” ಎಂದಳು. “ಯಾರು ಅಂತ ಗೊತ್ತಿಲ್ದೇ ಇದ್ದಾಗ ಇವರಷ್ಟು ಚೆನ್ನಾಗಿ ನೋಡೋರು ಇಲ್ಲ. ಇನ್ಮೇಲೆ ನಾನು ಯಾರನ್ನ ನೋಡ್ತಿದೀನಿ ಅಂತ ಇವರಿಗೆ ಹೇಳಲ್ಲ. ಹೆಸರಿನ ಪಟ್ಟಿ ನನ್ನ ಹತ್ರಾನೇ ಇರುತ್ತೆ.”

ಬ್ಯಾಸಿಲ್ ಫೋನ್ ಇಟ್ಟ. ಅವಳು ಗೇರ್ ಹಾಕಿದಳು. ನಾಲ್ಕು ಗಂಟೆಯ ದಾರಿ ಮುಂದಿತ್ತು. ಒಂದು ಥ್ಯಾಂಕ್ಸ್ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಹೊಟ್ಟೆಯಿಂದ ಮೇಲೆ ಬಂದದ್ದು ಉರಿಯೇ. ಹುಡುಗರನ್ನು ಆರಿಸುವುದರಲ್ಲಿ ಅವಳು ನನಗಿಂತ ಮೇಲು ಎಂಬುದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಅವಳ ಜಾಗದಲ್ಲಿ ನಾನಿದ್ದಿದ್ದರೆ ‘ಬೇಡ’ ಎನ್ನುತ್ತಿದ್ದೆ, ಮತ್ತು ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.