ಪೆಟ್ಟಿಗೆಯ ಗಾಳಿ, ಹರಿಣಾಕ್ಷಿಯ ಉಸಿರು

ಬೋಟುಗಳು ದಡ ಸೇರಿದವು ಎಂದರೆ ಕಾಪುವಿನ ಧರ್ಮಪಾಲನಿಗೆ ತಲೆ ತುರಿಸಲೂ ಪುರುಸೊತ್ತಿಲ್ಲ. ಮಳೆಗಾಲದ ಎರಡು ತಿಂಗಳು ಆಳಸಮುದ್ರ ಮೀನುಗಾರಿಕೆಗೆ ರಜೆ. ಆಗಲೇ ತುಕ್ಕು ಹಿಡಿದ ಪಂಪು, ಪುಲ್ಲಿ, ವಾಲ್ವುಗಳೆಲ್ಲ ಗೋಣಿ ತುಂಬಿಕೊಂಡು ಅವನ ಶೆಡ್ಡಿಗೆ ಬರುತ್ತವೆ. ಅಲ್ಲಿ ಗಾಜಿನ ಕಿಟಕಿಯ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಸಾಮಾನನ್ನು ಒಳಗಿಟ್ಟು, ಬಾಗಿಲು ಹಾಕಿ, ಪೆಟ್ಟಿಗೆಗೇ ಅಂಟಿಕೊಂಡಿರುವ ರಬ್ಬರ್ ಕೈಗವಸಿಗೆ ಕೈ ತೂರಿಸಿ, ಗಾಳಿಯ ಜೋರಿನಲ್ಲಿ ಸಣ್ಣ ಕಾಳುಗಳನ್ನು ಹೊಡೆದರೆ ತುಕ್ಕೆಲ್ಲ ಉದುರುತ್ತದೆ. ಇದಕ್ಕೆ ಬ್ಲಾಸ್ಟಿಂಗ್ ಎನ್ನುತ್ತಾರೆ.

ಯಾವ ಕಾಳು? ಧರ್ಮಪಾಲನಿಗೆ ಹೊಯ್ಗೆಯೇ, ಅಂದರೆ ಮರಳೇ ಸೈ. ಮನೆಯ ಗಾರೆ ಕೆಲಸದಲ್ಲಿ ಉಳಿದ ಹೊಳೆಯ ಹೊಯ್ಗೆಯನ್ನು ಒಣಗಿಸಿ ಪೆಟ್ಟಿಗೆಗೆ ಸುರಿಯುತ್ತಿದ್ದ. ಒಮ್ಮೆ ಹೊಡೆದ ಹೊಯ್ಗೆಯನ್ನು ಬಿಸಾಡುವ ಜಾಯಮಾನವೂ ಅವನದ್ದಲ್ಲ. ಹೆಂಡತಿ ಹರಿಣಾಕ್ಷಿ ಹಿಂದಿನ ಜಗಲಿಯಲ್ಲಿ ಕೂತು ಅದನ್ನು ಜರಡಿ ಹಿಡಿಯಬೇಕು. ಅದೇ ಹೊಯ್ಗೆ ಮತ್ತೆ ಪೆಟ್ಟಿಗೆಗೆ. ಏಳು ವರ್ಷ ಹೀಗೇ ನಡೆದಿತ್ತು. ಪಾಪ, ಆಕೆಗೆ ಕಳೆದ ಚಳಿಗಾಲದಿಂದ ಒಣ ಕೆಮ್ಮು. ಎರಡು ಕೊಡ ನೀರು ಸೇದಿದರೆ ಬಾವಿಕಟ್ಟೆ ಹಿಡಿದು ನಿಲ್ಲುತ್ತಿದ್ದಳು. "ಥಂಡಿ ಅದು. ಕಷಾಯ ಮಾಡಿ ಕುಡಿ" ಎನ್ನುವುದು ಗಂಡನ ವೈದ್ಯ.

ಒಂದು ಬೆಳಿಗ್ಗೆ ಬೆಳ್ಮಣ್ಣಿನ ಕ್ಲಾರೆನ್ಸ್ ಬಂದ. ಧರ್ಮಪಾಲನ ಜೊತೆ ಶಾಲೆಗೆ ಹೋದವನು. ಗಲ್ಫಿನಲ್ಲಿ ಹಡಗು ರಿಪೇರಿಯ ಕಡೆ ಹದಿನೆಂಟು ವರ್ಷ ಇದೇ ಬ್ಲಾಸ್ಟಿಂಗ್ ಕೆಲಸ ಮಾಡಿ ಊರಿಗೆ ಬಂದು ಕೂತಿದ್ದಾನೆ. ಕೈಯಲ್ಲಿ ತನ್ನ ಹಳೆಯ ಬುಲೆಟ್ ಬೈಕಿನ ಅಲ್ಯೂಮಿನಿಯಂ ಇಂಜಿನ್ ಕವರು.

"ಐದು ನಿಮಿಷ ಮಾರಾಯ, ಕೂತುಕೋ" ಎಂದು ಧರ್ಮಪಾಲ ಕೈ ತೂರಿಸಿದ.

ಪೆಟ್ಟಿಗೆಯೊಳಗೆ ಕಾಳು ಹೊಡೆಯುವ ಪೈಪು ಬಿಟ್ಟು ಬಿಟ್ಟು ಉಗುಳಿತು. ಹೊಯ್ಗೆ ಸರಿಯಾಗಿ ಬರಲೇ ಇಲ್ಲ. ಧರ್ಮಪಾಲ ಗಾಳಿಯ ತಿರುಪನ್ನು ತಿರುಗಿಸಿದ. ಒತ್ತಡ ತೋರಿಸುವ ಮುಳ್ಳು ನೂರಹತ್ತು ಪೌಂಡಿಗೆ ಹೋಯಿತು. ಕ್ಷಣದಲ್ಲಿ ಕಿಟಕಿಯ ಗಾಜು ಬಿಳಿಚಿ ಒಳಗಿನದ್ದು ಏನೂ ಕಾಣದಾಯಿತು. ಅವನು ಬಾಗಿಲನ್ನೇ ತೆರೆದು ಇಣುಕಿದ. ಧೂಳು ಹಿಂದಿನ ಜಗಲಿಯವರೆಗೂ ಹೋಯಿತು.

ಕ್ಲಾರೆನ್ಸ್ ಎದ್ದು ನಿಂತ. "ಒಳಗೆ ಎಂತ ಹಾಕಿದ್ದೀ?"

"ಹೊಯ್ಗೆ. ಮತ್ತೆಂತ ಹಾಕುವುದು?"

"ಧೂಳು ಎಳೆಯುವ ಮೋಟಾರು ಉಂಟಲ್ಲ, ಅದಕ್ಕೆ ಎಂತ ಆಯ್ತು?"

"ಅದು ನನ್ನ ಹೊಯ್ಗೆಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಅದರ ಪೈಪಿಗೆ ಹಳೆ ಬಲೆ ತುರುಕಿಸಿದ್ದೇನೆ."

"ಬುದ್ಧಿವಂತ ನೀನು. ಅದು ಎಳೆದುಕೊಂಡು ಹೋಗುವುದು ಹೊಯ್ಗೆಯನ್ನಲ್ಲ, ಹುಡಿಯಾದ ಧೂಳನ್ನು. ಹೊಯ್ಗೆ ಕಬ್ಬಿಣಕ್ಕೆ ಬಡಿದು ಒಡೆದರೆ ಕಣ್ಣಿಗೆ ಕಾಣದ ಹುಡಿ ಆಗ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಕೂರ್ತದೆ. ಮೆಲ್ಲ ಮೆಲ್ಲ ಗಟ್ಟಿ ಮಾಡ್ತದೆ. ಸಿಲಿಕೋಸಿಸ್ ಅಂತ ಅದರ ಹೆಸರು. ನಾವಿದ್ದ ಕಡೆ ಪೆಟ್ಟಿಗೆಯ ಹತ್ತಿರ ಹೊಯ್ಗೆ ತರಲಿಕ್ಕೇ ಬಿಡುತ್ತಿರಲಿಲ್ಲ."

ಧರ್ಮಪಾಲ ನಕ್ಕ. "ಏಳು ವರ್ಷ ಆಯ್ತು. ನನಗೆ ಎಂತ ಆಗಿದೆ? ನೋಡು, ಕಲ್ಲಿನ ಹಾಗೆ ಇದ್ದೇನೆ."

"ಆಗಲಿಕ್ಕೆ ವರ್ಷಗಟ್ಟಲೆ ಬೇಕು. ಅದಿರಲಿ, ಹೊಡೆದ ಹೊಯ್ಗೆಯನ್ನು ಜರಡಿ ಹಿಡಿಯುವವರು ಯಾರು?"

ಧರ್ಮಪಾಲ ಹಿಂದಕ್ಕೆ ತಿರುಗಿ ನೋಡಿದ. ಜಗಲಿಯಲ್ಲಿ ಹರಿಣಾಕ್ಷಿ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ಅವಳ ರೆಪ್ಪೆಯ ಮೇಲೂ ಬಿಳಿ ಹುಡಿ ಇತ್ತು. ದಿನಾ ಕಾಣುವ ಮುಖವೇ. ಆದರೂ ಈ ಸಲ ಅವನು ಪೆಟ್ಟಿಗೆಯ ಬಾಗಿಲು ಹಾಕಿ ಗಾಳಿ ನಿಲ್ಲಿಸಿದ.

"ಅಕ್ಕಾ, ಎಷ್ಟು ಸಮಯದಿಂದ ಈ ಕೆಮ್ಮು?" ಎಂದು ಕ್ಲಾರೆನ್ಸ್ ಕೇಳಿದ.

"ಏಳೆಂಟು ತಿಂಗಳಾಯ್ತು ಕ್ಲಾರೆನ್ಸಣ್ಣ. ಇವರು ಥಂಡಿ ಅಂತಾರೆ."

"ಥಂಡಿಯೋ ಅಲ್ಲವೋ ಅಂತ ಡಾಕ್ಟರು ಹೇಳಲಿ. ನಾಳೆಯೇ ಉಡುಪಿಗೆ ಹೋಗಿ. ಹೊಯ್ಗೆಯ ಕೆಲಸ ಅಂತ ಬಾಯಿ ಬಿಟ್ಟು ಹೇಳಬೇಕು ಆಯ್ತಾ? ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗುವುದು?"

ಮರುದಿನ ಗಂಡ ಹೆಂಡತಿ ಬಸ್ಸು ಹತ್ತಿದರು. ಎದೆಯ ಡಾಕ್ಟರು ಎಕ್ಸ್‌ರೇ ತೆಗೆಸಿದರು, ಊದಿಸಿ ಉಸಿರನ್ನು ಅಳೆದರು, ಕೆಲಸ ಏನೆಂದು ಬಿಡಿಸಿ ಕೇಳಿದರು. ಮತ್ತೆ ಮೆಲ್ಲಗೆ ಹೇಳಿದರು: "ಶ್ವಾಸಕೋಶದಲ್ಲಿ ಧೂಳಿನ ಕಲೆ ಕೂತಿದೆ. ಅದನ್ನು ತೆಗೆಯುವ ಮದ್ದು ಇಲ್ಲ. ಆದರೆ ಈಗಿನ್ನೂ ಸ್ವಲ್ಪವೇ ಇದೆ. ಇವತ್ತಿನಿಂದ ಆ ಧೂಳಿನ ಹತ್ತಿರ ಹೋಗಬೇಡಿ, ಹೇಳಿದ ದಿನ ತಪ್ಪದೆ ಪರೀಕ್ಷೆಗೆ ಬನ್ನಿ."

ವಾಪಸು ಬರುವಾಗ ಬಸ್ಸು ಕಟಪಾಡಿ ದಾಟಿತು. "ಜರಡಿ ನಿನ್ನ ಕೈಗೆ ಕೊಟ್ಟವನು ನಾನು" ಎಂದ ಧರ್ಮಪಾಲ.

"ಗೊತ್ತಿದ್ದು ಕೊಟ್ಟದ್ದಲ್ವಲ್ಲ" ಎಂದಳು ಹರಿಣಾಕ್ಷಿ. "ಇನ್ನು ಗೊತ್ತಿದ್ದೂ ಕೊಟ್ಟರೆ ನಾನು ಸುಮ್ಮನಿರುವವಳಲ್ಲ."

ಸಂಜೆಗೆ ಕ್ಲಾರೆನ್ಸ್ ಬೇಕಾದ ಸಾಮಾನು ಹಿಡಿದುಕೊಂಡು ಬಂದು ಟೊಂಕ ಕಟ್ಟಿ ನಿಂತ. ಪೆಟ್ಟಿಗೆಯಲ್ಲಿದ್ದ ಹೊಯ್ಗೆಗೆ ಮೊದಲು ನೀರು ಚಿಮುಕಿಸಿದರು. ಒದ್ದೆ ಮಾಡಿಯೇ ತೆಗೆಯಬೇಕು, ಒಣ ಹಿಡಿಸೂಡಿಯಲ್ಲಿ ಗುಡಿಸಿದರೆ ಧೂಳು ಮತ್ತೆ ಏಳುತ್ತದೆ. ಮೋಟಾರಿನ ಪೈಪಿನಲ್ಲಿದ್ದ ಬಲೆ ಹೊರಗೆ ಬಂತು. ಧೂಳು ಹಿಡಿಯುವ ಹೊಸ ಫಿಲ್ಟರು ಕೂತಿತು. ಗಾಳಿ ಒತ್ತಿ ತುಂಬುವ ಕಂಪ್ರೆಸರಿನ ಅಡಿಯ ನಲ್ಲಿ ತಿರುಗಿಸಿದಾಗ ಒಂದು ಚೆಂಬು ನೀರು ಸುರಿಯಿತು.

"ನೋಡು, ನಮ್ಮ ಮಳೆಗಾಲದ ಗಾಳಿಯಲ್ಲಿ ಇಷ್ಟು ನೀರು ಉಂಟು" ಎಂದ ಕ್ಲಾರೆನ್ಸ್. "ಕಾಳು ಒದ್ದೆಯಾಗಿ ಗಂಟು ಕಟ್ಟುವುದು ಇದರಿಂದಲೇ. ನೀನು ನೀರು ಬಿಡುವ ಬದಲು ಗಾಳಿ ಏರಿಸಿದೆ. ಗಾಳಿ ಏರಿದಷ್ಟೂ ಕಾಳು ಹುಡಿಯಾಗ್ತದೆ, ಸಾಮಾನಿಗೂ ಗುಂಡಿ ಬೀಳ್ತದೆ. ನನ್ನ ಕವರು ನೋಡು, ಸಿಡುಬು ಬಂದವನ ಮುಖ."

ಹೊಯ್ಗೆಯ ಬದಲು ಬ್ಲಾಸ್ಟಿಂಗಿಗೆಂದೇ ಮಾಡಿದ ಸಣ್ಣ ಗಾಜಿನ ಮಣಿ ಹಾಕಿದರು. ಮೊದಲು ಧೂಳು ಎಳೆಯುವ ಮೋಟಾರು, ಆಮೇಲೆ ಗಾಳಿ. ಅಲ್ಯೂಮಿನಿಯಮ್ಮಿಗೆ ಐವತ್ತು ಪೌಂಡಿನಿಂದ ಶುರು ಮಾಡಿದರು. ಪೈಪು ಉಗುಳಿದಾಗ ಕ್ಲಾರೆನ್ಸ್ ಮಣಿ ಬರುವುದನ್ನು ತುಸು ಕಡಿಮೆ ಮಾಡಿದ. ತೆಳ್ಳಗೆ, ಒಂದೇ ಸಮನೆ ಬಂತು. ಗಾಜಿನಾಚೆ ತನ್ನ ಕೈ, ಕವರಿನ ಅಂಚು ಎಲ್ಲವೂ ಸ್ಪಷ್ಟವಾಗಿ ಕಂಡಾಗ ಧರ್ಮಪಾಲ ತನ್ನ ಏಳು ವರ್ಷಕ್ಕೆ ತಾನೇ ನಾಚಿದ.

ಆ ವಾರ ಗಿರಾಕಿ ಗಣಪ ಅವಸರ ಮಾಡಿದ. "ಗಾಳಿ ಸ್ವಲ್ಪ ಏರಿಸಿ ಧರ್ಮಪಾಲಣ್ಣ, ಬೇಗ ಆಗ್ತದೆ."

"ಆಗುವುದಿಲ್ಲ. ಚಾ ಕುಡಿದು ಬಾ" ಎಂದ ಧರ್ಮಪಾಲ. ಗಾಳಿ ನಿಲ್ಲಿಸಿ, ಒಳಗಿನ ಧೂಳು ಪೂರ್ತಿ ಎಳೆದುಹೋಗುವವರೆಗೆ ಕಾದು, ಮುಖಕ್ಕೆ ಬಿಗಿಯಾದ ಧೂಳಿನ ಮಾಸ್ಕ್ ಸರಿಮಾಡಿಕೊಂಡೇ ಬಾಗಿಲು ತೆರೆದ. ಹರಿಣಾಕ್ಷಿ ಈಗ ಶೆಡ್ಡಿನ ಕಡೆ ಬರುವುದಿಲ್ಲ. ಅವಳ ಕೆಮ್ಮು ಪೂರ್ತಿ ಹೋಗಿಲ್ಲ. ರಾತ್ರಿ ಅವಳು ಕೆಮ್ಮಿದಾಗಲೆಲ್ಲ ಧರ್ಮಪಾಲ ಎದ್ದು ಕೂರುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗ್ಯಾರೇಜಿನಲ್ಲೂ ಇಂಥ ಪೆಟ್ಟಿಗೆ ಇರಬಹುದು. ಅದಕ್ಕೆ ಹೊಯ್ಗೆ ಹಾಕಲೇಬೇಡಿ. ದಿನಾ ಕಂಪ್ರೆಸರಿನ ನೀರು ಬಿಡಿ, ಧೂಳಿನ ಮೋಟಾರು ಹಾಕಿ, ಗಾಳಿಯನ್ನು ಕಡಿಮೆಯಿಂದ ಶುರುಮಾಡಿ. ಕೆಲಸದ ಬಟ್ಟೆಗೆ ಗಾಳಿ ಹೊಡೆದು ಕೊಡವಬೇಡಿ, ಹಾಗೇ ಮನೆಯೊಳಗೆ ತರಲೂ ಬೇಡಿ. ಕೆಮ್ಮು, ಏದುಸಿರು ಕಂಡರೆ ಡಾಕ್ಟರಿಗೆ ನಿಮ್ಮ ಕೆಲಸ ಏನೆಂದು ಹೇಳಿ. ಇಷ್ಟು ಕೇಳಿಯೂ "ನನಗೇನೂ ಆಗಿಲ್ಲ" ಎನ್ನುವವರು ಇದ್ದರೆ, ಒಮ್ಮೆ ತಿರುಗಿ ನೋಡಿ. ನಿಮ್ಮ ಧೂಳಿನಲ್ಲಿ ಕೂತು ಉಸಿರಾಡುತ್ತಿರುವವರು ಯಾರು?