ಟಕಟಕನ ಕೊನೆಯ ಹಲಗೆ

ಅವಳು ದೋಣಿಯ ಹಲಗೆಗೆ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿದಳು. ಇಳಿಯಲಿಲ್ಲ. ಒಂದು ಗೇಣು ಪಕ್ಕಕ್ಕೆ ಸರಿದು ಮತ್ತೆ ಒತ್ತಿದಳು. ಅಲ್ಲೂ ಇಳಿಯಲಿಲ್ಲ.

"ಏನಮ್ಮಾ, ಜನ ಕಾಯ್ತಿದ್ದಾರೆ, ನೀನಿಲ್ಲಿ ದೋಣಿ ಕೆರೀತಾ ಕೂತಿದ್ದೀಯಲ್ಲ?" ಷೆಡ್ಡಿನ ಬಾಗಿಲಲ್ಲಿ ಗಂಡನ ಅಣ್ಣ ನಿಂತಿದ್ದರು.

"ಗಟ್ಟಿಯಾಗಿದೆ ಭಾವ. ಇವರನ್ನ ಇದರಲ್ಲೇ ಕರ್ಕೊಂಡು ಹೋಗೋಣ."

ಮಣ್ಣು ಮಾಡುವ ಜಾಗ ಹೊಳೆಯ ಆಚೆ ದಡದಲ್ಲಿತ್ತು. ಭಾವ ಅದಕ್ಕೆಂದೇ ದೊಡ್ಡದೊಂದು ಲಾಂಚ್ ಗೊತ್ತು ಮಾಡಿದ್ದರು. ಈ ಫೈಬರ್ ದೋಣಿ ರಿಪೇರಿಗೆ ಬಂದದ್ದು, ಊರಿನವರು ಮೀಸೆಯವನೆಂದು ಕರೆಯುವ ಗಿರಾಕಿಯದು. ಇಂಜಿನ್ ತೂಗುಹಾಕುವ ಅದರ ಹಿಂಬದಿಯ ಹಲಗೆ ಒಳಗೊಳಗೇ ಕೊಳೆತುಹೋಗಿತ್ತು. ಗಂಡ ಹೆಂಡತಿ ಸೇರಿ ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು, ಹೊಸ ಪ್ಲೈವುಡ್ ಕೂರಿಸಿ, ಎಪಾಕ್ಸಿ ಅಂಟು ಸವರಿ, ಮೇಲೆ ಫೈಬರ್ ಬಟ್ಟೆಯ ನಾಲ್ಕು ಪದರ ಹಾಸಿದ್ದರು. ಅದು ಹೋದ ವಾರ. ಮೊನ್ನೆ ಗಂಡ ಅದನ್ನು ಉಜ್ಜಿ ನಯ ಮಾಡಿ, "ಸ್ವಲ್ಪ ಒರಗ್ತೀನಿ ಕಣೇ" ಎಂದವನು ಮತ್ತೆ ಏಳಲಿಲ್ಲ. ದೋಣಿ ಇನ್ನೂ ನೀರು ಕಂಡಿರಲಿಲ್ಲ.

"ಇದರಲ್ಲಾ?" ಭಾವನ ದನಿ ಏರಿತು. "ಬದುಕಿದ್ದಾಗ ಒಂದ್ಸಲ ನನ್ನ ಮುಳುಗಿಸಿದ್ದು ಸಾಲದಾ? ಸತ್ತ ಮೇಲೂ ಮುಳುಗಿಸ್ಬೇಕಾ?"

ಹೊರಗೆ ಬೆಂಚಿನ ಮೇಲಿದ್ದವರು ತಲೆ ತಗ್ಗಿಸಿದರು. ಯಾರೋ ಕಿಸಕ್ಕೆಂದರು.

*

ಮದುವೆಯಾದ ಹೊಸತು. ಅಣ್ಣನೇ ಅವನ ಮೊದಲ ಗಿರಾಕಿ. ಅವನು ಎಪಾಕ್ಸಿಗೆ, ಅದು ಗಟ್ಟಿಯಾಗಲು ಬೆರೆಸುವ ಹಾರ್ಡನರನ್ನು ಕಣ್ಣಂದಾಜಿನಲ್ಲಿ ಸುರಿದಿದ್ದ. ವಾರ ಕಳೆದರೂ ಹಲಗೆ ಜೇನು ಮೆತ್ತಿದಂತೆ ಅಂಟುತ್ತಿತ್ತು. "ಬಿಸಿಲು ಬಿದ್ರೆ ಸರಿಹೋಗತ್ತೆ" ಎಂದು ಮೇಲೆ ಬಣ್ಣ ಬಳಿದುಬಿಟ್ಟ. ನಡುಹೊಳೆಯಲ್ಲಿ ಇಂಜಿನ್ ಹಲಗೆಯ ಸಮೇತ ಕಿತ್ತುಕೊಂಡು ಬುಳುಕ್ಕೆಂದಿತು. ಅದನ್ನು ಹಿಡಿಯಹೋದ ಅಣ್ಣನೂ ಬುಳುಕ್!

ಆ ಸಂಜೆ ಅಣ್ಣನನ್ನು ನೀರಿನಿಂದ ಎಳೆದುಹಾಕಿ ತೊಯ್ದು ತೊಪ್ಪೆಯಾಗಿ ಬಂದ ಗಂಡನ ಮುಂದೆ ಅವಳು ಅಡುಗೆಮನೆಯ ಎರಡು ಅಳತೆ ಲೋಟ ತಂದು ಕುಕ್ಕಿದಳು.

"ಇನ್ಮೇಲೆ ಅಳತೆ ನಂದು."

"ಮತ್ತೆ ನಾನು?"

"ನೀವು ಹಚ್ಚಿ."

ಮೂವತ್ತೊಂದು ವರ್ಷ ಹಾಗೇ ನಡೆಯಿತು. ಅವಳು ಅಳೆದು ಕಲಸುವಳು, ಅವನು ಹಚ್ಚುವನು. ಆದರೂ ಅವನ ಹಳೆಯ ಭಯ ಹೋಗಲಿಲ್ಲ. ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಒಳಗೆ ಪೊಳ್ಳಿದೆಯೇ ಎಂದು ಕಿವಿಗೊಟ್ಟು ಕೇಳದೆ ಒಂದು ದೋಣಿಯನ್ನೂ ಬಿಟ್ಟುಕೊಡುತ್ತಿರಲಿಲ್ಲ. ಊರಿಗೆಲ್ಲ ಅವನು ಟಕಟಕನಾದ.

*

"ಒಂದ್ಸಲ ಆಸ್ಪತ್ರೇಲಿ ಡಾಕ್ಟ್ರು ಅವನ ಬೆನ್ನು ಬಡಿದು ನೋಡಿದ್ರೆ, 'ಒಳಗೆ ಪೊಳ್ಳಾಗಿದೆಯಾ ಡಾಕ್ಟ್ರೇ?' ಅಂದಿದ್ದ" ಎಂದಳು ಪಕ್ಕದ ಮನೆಯ ದರ್ಜಿ. ಈ ಸಲ ಎಲ್ಲರೂ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಮೀಸೆಯವನು ಮುಂದೆ ಬಂದ. "ಅಕ್ಕ, ನೀವು ಹೂಂ ಅಂದ್ರೆ ಈಗಲೇ ಇಂಜಿನ್ ಏರಿಸ್ತೀನಿ."

ಅವಳು ಭಾವನ ಮುಖ ನೋಡಿದಳು. ಅವರು ಬಗ್ಗಿ, ಹಲಗೆಯನ್ನು ಬಡಿದರು. ಮೂಲೆಯಲ್ಲಿ ಬಡಿದರು, ನಡುವೆ ಬಡಿದರು. ಥೇಟ್ ತಮ್ಮನಂತೆಯೇ ತಲೆ ವಾಲಿಸಿ ಕೇಳಿದರು.

"ಅಳತೆ ಯಾರದು?"

"ನಂದೇ ಭಾವ."

"ಹಾಗಾದ್ರೆ ಸರಿ. ಆ ಲಾಂಚಿನವನಿಗೆ ಹೋಗೋಕೆ ಹೇಳಿ."

ದೋಣಿಯನ್ನು ನೀರಿಗೆ ತಳ್ಳಿ, ಶವದ ಪೆಟ್ಟಿಗೆಯನ್ನು ಅದಕ್ಕಿಳಿಸಿದರು. ಭಾವ ಇಂಜಿನ್ನಿನ ಪಕ್ಕದಲ್ಲೇ ಕೂತರು. ಊರಿನ ಉಳಿದ ದೋಣಿಗಳು ಹಿಂದೆ ಹೊರಟವು. ನಡುಹೊಳೆಯಲ್ಲಿ ಇಂಜಿನ್ ಅಬ್ಬರಿಸಿದಾಗ ಅವಳು ಆಚೆ ದಡವನ್ನು ನೋಡಲಿಲ್ಲ, ಪೆಟ್ಟಿಗೆಯನ್ನೂ ನೋಡಲಿಲ್ಲ, ಹಲಗೆಯನ್ನೇ ನೋಡುತ್ತಿದ್ದಳು. ಕೂದಲೆಳೆಯಷ್ಟೂ ಅಲುಗಲಿಲ್ಲ. "ಚೆನ್ನಾಗಿ ಹಚ್ಚಿದ್ದೀರಿ ಕಣ್ರೀ" ಎಂದು ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಎರಡು ದಿನದಿಂದ ಬಾರದ ಅಳು ಆಗ ಬಂತು. ಭಾವ ಆಚೆ ಮುಖ ಮಾಡಿ ಮೂಗು ಸೀಟಿಕೊಂಡರು.

ಮಣ್ಣು ಮುಗಿಸಿ ಹೊರಟಾಗ ಬಿಸಿಲು ಇಳಿದಿತ್ತು. ಮೀಸೆಯವನು ನಿಧಾನಕ್ಕೆ ನಡೆಸಿದ. ಉಳಿದ ದೋಣಿಗಳೆಲ್ಲ ಒಂದೊಂದಾಗಿ ಇವರನ್ನು ದಾಟಿ ಮುಂದೆ ಹೋದವು. ಅವಳಿಗೆ ಕಂಡದ್ದು ಅವುಗಳ ಬೆನ್ನು ಮಾತ್ರ. ಬೂದಿ ಬಣ್ಣದ ತೇಪೆ, ಬಿಳಿ ತೇಪೆ, ಹಳದಿ ತೇಪೆ.

"ಎಲ್ಲ ನಿಮ್ಮ ಕೈಯವೇ ಅಲ್ವಾ ಅಕ್ಕ?"

"ಆ ನೀಲಿ ದೋಣಿ ನಮ್ಮದಲ್ಲ. ಹಲಗೆ ಹೋಗಿದೆ, ನೋಡು. ಸೋಮವಾರ ತರೋಕೆ ಹೇಳು."

ಮುಂದೆ ನೀಲಿ ದೋಣಿಯ ಇಂಜಿನ್, ಅಲೆ ಬಂದಾಗಲೆಲ್ಲ, ಹೂಂ ಹೂಂ ಎಂದು ತಲೆಯಾಡಿಸುತ್ತ ಹೋಗುತ್ತಿತ್ತು.